ತಿಂದು ನೋಡು...

ಆಲೆಮನೆ ಸೀಸನ್ ಬಂತು ಅಂದ್ರೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೊಡೆದೇವಿನ ಮಡಿಕೆ ಅಟ್ಟದಿಂದ ಕೆಳಗಿಳಿಯುತ್ತೆ. ಮಡಿಕೆಯನ್ನು ಒಲೆ ಮೇಲೆ ಬೋರಲು ಹಾಕಿ, ಅಕ್ಕಿ ಹಿಟ್ಟು-ಕಬ್ಬಿನ ಹಾಲಿನ ತೆಳ್ಳಗಿನ ಹಿಟ್ಟನ್ನು ಬಟ್ಟೆಯಿಂದ ಸರ್ರನೆ ಎಳೆದರೆ ಆಯ್ತು, ಕಾಗದದಂಥಾ ತೊಡೆದೇವು.

ಬೆಂಗಳೂರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಆಯಿ ಒಂದು ಡಬ್ಬಿ ತುಂಬಾ ಕಳಿಸಿದ್ದಳು. ಎರಡು ವಾರಕ್ಕೆಂದು ಇಂಗ್ಲೆಂಡಿನಿಂದ ಬಂದಿದ್ದ ಸಹೋದ್ಯೋಗಿಯ ಮುಂದೆ ಡಬ್ಬಿ ಹಿಡಿದು, ಭಾರೀ ಧೈರ್ಯ ಮಾಡಿ ಅಂದೆ: "ಈಟ್ ಅಂಡ್ ಸೀ."

ಆಕೆ ಡಬ್ಬಿಯೊಳಗೆ ಬಗ್ಗಿ ನೋಡಿದಳು. ನೋಡಿದಳು ಅಷ್ಟೇ! ಗಾಬರಿಯಾಗಿ "ಯು ವಾಂಟ್?" ಅಂದೆ. "ನೋ, ಥ್ಯಾಂಕ್ಯೂ" ಅಂದಳು. ನಮ್ಮೂರಲ್ಲಾದ್ರೆ ಮೊದಲನೇ 'ಬೇಡ' ಬರೀ ದಾಕ್ಷಿಣ್ಯಕ್ಕೆ. ಆದರೆ ಆಕೆಯ 'ನೋ' ಕೇಳಿ ಆಯಿಗೇ ಅವಮಾನ ಆದಷ್ಟು ಬೇಜಾರಾಗಿ ಮುಚ್ಚಳ ಹಾಕಿಬಿಟ್ಟೆ.

ಪಕ್ಕದಲ್ಲಿದ್ದ ಗೆಳೆಯ ಡಬ್ಬಿ ಇಸಕೊಂಡು ಮತ್ತೆ ತೆರೆದು, "ವುಡ್ ಯು ಲೈಕ್ ಟು ಟ್ರೈ ಸಮ್?" ಅಂದ. ಆಕೆ ಒಂದು ಚೂರು ಮುರಿದುಕೊಂಡಳು. ಆಮೇಲೆ ಇನ್ನೆರಡು!

ಆಮೇಲೆ ಯೋಚಿಸಿದೆ. ತಿಂದು ನೋಡು, ಕೇಳಿ ನೋಡು, ಮುಟ್ಟಿ ನೋಡು... ನಮ್ಮ 'ನೋಡು'ವಿನಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಆ ಕೆಲಸವನ್ನು ಇಂಗ್ಲಿಷಿನಲ್ಲಿ 'ಟ್ರೈ' ಮಾಡುತ್ತೆ. ಕಂಡೇ ಇರದ ತಿಂಡಿಯನ್ನು 'ಬೇಕಾ' ಅಂತ ಕೇಳಿದರೆ ಯಾರು ತಾನೇ ಹೂಂ ಅಂದಾರು? 'ಟ್ರೈ ಸಮ್' ಅಂದರೆ ಬರೀ ಒಂದು ಚೂರು, ಹಿಡಿಸದಿದ್ದರೆ ಬಿಡಬಹುದು.

ಹಾಗೆ ಬಿಡಬಹುದು ಅನ್ನೋದು ನಮ್ಮಲ್ಲಿ ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಅಪ್ಪಯ್ಯಂಗೆ ಸಕ್ಕರೆ ಕಾಯಿಲೆ. ಗೊತ್ತಿದ್ದೂ ಹೋದ ಮನೆಯಲ್ಲೆಲ್ಲ "ಒಂದ್ ಚೂರಿಗೆ ಎಂತೂ ಆಗ್ತಿಲ್ಲೆ ಭಾವಾ" ಅಂತ ಜೋನಿಬೆಲ್ಲ ಸುರಿಯೋರು. ಅಪ್ಪಯ್ಯಂಗೆ ಬೇಡ ಅನ್ನೋಕೆ ನಾಚಿಕೆ. ಒಂದು ವರ್ಷ ಆಲೆಮನೆಯಿಂದ ಬಂದ ರಾತ್ರಿಯೇ ಅವನನ್ನು ಶಿರಸಿಯ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯ್ತು. ಉಳಿದುಕೊಂಡ, ಪುಣ್ಯ. ಪ್ರೀತಿಯಿಂದ ಬಡಿಸಿದವರನ್ನ ಬಯ್ಯೋದಾದರೂ ಹೇಗೆ?

ಅದಾದ ಮೇಲೆ ಬದಲಾದವಳು ಆಯಿ. ತಾನೂ ಹಾಗೇ ಒತ್ತಾಯ ಮಾಡಿ ಬಡಿಸುತ್ತಿದ್ದವಳೇ. ಈಗ ತಟ್ಟೆಯನ್ನ ನೆಂಟರ ಮುಂದಿಟ್ಟು, "ಒಂಚೂರು ತಿಂದ್ ನೋಡಿ, ಬ್ಯಾಡಾದ್ರೆ ಬಿಡ್ಲಕ್ಕು" ಅಂತಾಳೆ. ಮೊದಲ ಸಲ ಕೇಳಿದಾಗ ಬಾಗಿಲ ಹತ್ತಿರ ನಿಂತೇ ಬಿಟ್ಟೆ. ಇಂಗ್ಲಿಷ್ ಒಂದಕ್ಷರ ಬಾರದ ಆಯಿ, ಗೆಳೆಯನ ಅದೇ ವಾಕ್ಯವನ್ನು ಹೇಳ್ತಾ ಇದ್ದಳು!

ಈಗಲೂ ಯಾರಿಗಾದರೂ ತೊಡೆದೇವು ಕೊಡುವಾಗ ನಾನು ಹಾಗೇ ಕೇಳೋದು. ಒಲ್ಲೆ ಅಂದವರ ಮೇಲೆ ಬೇಜಾರಿಲ್ಲ, ನಮಗೆ ಒಂದು ಜಾಸ್ತಿ ಸಿಕ್ಕ ಹಾಗಾಯ್ತಲ್ಲ :)

ನಿಮ್ಮ ಕಡೆ ಏನಂತ ಕೇಳ್ತೀರಿ?