ಬೆಸ್ಟ್ ಯಾರು?

ಒಬ್ಬರನ್ನು ಎಲ್ಲರ ಮೇಲೆ ಕೂರಿಸುವುದು ಇಂಗ್ಲಿಷಿನಲ್ಲಿ ಬಲು ಸುಲಭ. ‘ಟಾಲ್’ಗೆ ಬಾಲ ಅಂಟಿಸಿದರೆ ‘ಟಾಲೆಸ್ಟ್’. ‘ಬ್ಯೂಟಿಫುಲ್’ನಂಥ ಉದ್ದ ಪದಕ್ಕಾದರೆ ಮೊದಲಿಗೊಂದು ‘ಮೋಸ್ಟ್’. ‘ಗುಡ್’ ಅಂತೂ ವೇಷವನ್ನೇ ಬದಲಿಸಿ ‘ಬೆಸ್ಟ್’! ಅಚ್ಚಗನ್ನಡಕ್ಕೆ ಅಂಥ ಬಾಲವಿಲ್ಲ. ‘ಎಲ್ಲರಿಗಿಂತ ಜಾಣೆ’ ಎನ್ನಲು ಆ ಎಲ್ಲರನ್ನೂ ಎದುರಿಗೆ ತಂದು ನಿಲ್ಲಿಸಬೇಕು.

ಇಂಗ್ಲಿಷ್ ವ್ಯಾಕರಣದ ಒಂದು ಕಟ್ಟಳೆ ಮಾತ್ರ ನನಗೆ ಬಹಳ ಹಿಡಿಸಿದೆ: ಇಬ್ಬರೇ ಇದ್ದಲ್ಲಿ ‘ಟಾಲರ್’, ‘ಟಾಲೆಸ್ಟ್’ ಎನ್ನಲು ಮೂವರಾದರೂ ಬೇಕು. ಬಂದ ನೆಂಟರೆಲ್ಲ ಅಕ್ಕತಂಗಿಯರನ್ನು ಅಕ್ಕಪಕ್ಕ ನಿಲ್ಲಿಸಿ ಬಣ್ಣ, ಜಡೆ, ಮಾರ್ಕ್ಸು ಅಳೆಯುವ ನಮ್ಮ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ನನ್ನ ಹೆಣ್ಣುಮಕ್ಕಳಿಬ್ಬರೂ ಒಮ್ಮೆ, ‘ಅಮ್ಮಾ, ನಮ್ಮಲ್ಲಿ ಬೆಸ್ಟ್ ಯಾರು?’ ಎಂದು ಗಂಟುಬಿದ್ದರು.

‘ಇಬ್ಬರಲ್ಲಿ ಬೆಸ್ಟ್ ಇಲ್ಲ ಕಣ್ರೇ, ವ್ಯಾಕರಣ ಒಪ್ಪಲ್ಲ’ ಎಂದೆ.

‘ಹಾಗಾದ್ರೆ ಬೆಟರ್ ಯಾರು?’ ಚಿಕ್ಕವಳ ಪಟ್ಟು.

ಆಗ ಕೈಹಿಡಿದದ್ದು ಕನ್ನಡವೇ: ‘ಒಬ್ಬಳಿಗಿಂತ ಒಬ್ಬಳು!’