ಕೈ ಬದಲಾದ ಕಾರು

ಅರವತ್ತು ದಾಟಿದವನಿಗೆ ಕೆಂಪು ಕಾರಿನ ಮೇಲೆ ಮನಸ್ಸಾಯಿತೆಂದರೆ ಓದುಗರು ನಕ್ಕಾರು. ನಗಲಿ, ಅಡ್ಡಿಯಿಲ್ಲ, ನಮ್ಮ ಮನೆಯಲ್ಲಿ ಈಗಾಗಲೇ ಸಾಕಷ್ಟು ನಕ್ಕು ಮುಗಿಸಿದ್ದಾರೆ. ನ್ಯಾಯವಾಗಿ ಹೇಳಬೇಕೆಂದರೆ ಕಾರು ಬೇಕಾಗಿದ್ದುದು ನನಗಲ್ಲ, ನನ್ನ ಮಗಳಿಗೆ. 2024ರಲ್ಲಿ ಅವಳ ಕೆಲಸ ಬೆಂಗಳೂರಿನ ಆ ಕೊನೆಗೆ ಬದಲಾಯಿತು. ನಾವಿರುವುದು ಈ ಕೊನೆಯಲ್ಲಿ. ಎರಡು ಬಸ್ಸು, ಒಂದು ಆಟೋ ಹಿಡಿದು ರಾತ್ರಿ ಒಂಬತ್ತೂವರೆಗೆ ಮನೆಗೆ ಬರುತ್ತಿದ್ದ ಹುಡುಗಿ ಒಂದು ದಿನ ಊಟದ ತಟ್ಟೆಯ ಮುಂದೆ ಕುಳಿತು, “ಅಪ್ಪ, ನಾನೊಂದು ಹಳೇ ಕಾರು ತಗೋತೀನಿ” ಎಂದಳು.

ದುಡ್ಡು ಅವಳದೇ. ಆರು ವರ್ಷ ಕೂಡಿಟ್ಟ ಐದು ಲಕ್ಷ ರೂಪಾಯಿ. ಅದರ ಮೇಲೆ ಒಂದು ಕಾಸೂ ಕೂಡದು, ಸಾಲವಂತೂ ಕೂಡವೇ ಕೂಡದು ಎಂದು ಅವಳ ಹಟ. ಷರತ್ತು ಎರಡು: ಗಾಡಿ ದಾರಿಯಲ್ಲಿ ಕೈಕೊಡಬಾರದು, ಓಡಿಸಿದರೆ ಓಡಿಸಿದ ಹಾಗಿರಬೇಕು.

“ಓಡಿಸಿದ ಹಾಗೆ ಅಂದರೆ?” ಎಂದೆ.

“ಹಾಲಿನ ಕ್ಯಾನು ಸಾಗಿಸಿದ ಹಾಗಿರಬಾರದು” ಎಂದಳು.

ತಂದೆಯಾದವನು ಇಂಥ ಮಾತಿಗೆ ಆಕ್ಷೇಪಿಸಬೇಕು, ಆಕ್ಷೇಪಿಸಿದೆ. ಒಳಗೊಳಗೇ ಹಿಗ್ಗಿದೆ. ಅದಕ್ಕೆ ಕಾರಣವಿದೆ. 1980ರ ದಶಕದ ಆರಂಭದಲ್ಲಿ, ಕಾಲೇಜು ಓದುತ್ತಿದ್ದಾಗ, ಮೂವರು ಗೆಳೆಯರೊಡನೆ ರೈಲು ಹತ್ತಿ ಮದರಾಸಿಗೆ ಹೋಗಿ, ಅಲ್ಲಿಂದ ಷೋಲಾವರಂ ಎಂಬಲ್ಲಿ ಮೋಟಾರು ಪಂದ್ಯ ನೋಡಿದ್ದೆ. ಯುದ್ಧಕಾಲದ ಹಳೆಯ ವಿಮಾನದ ಓಡುದಾರಿ ಅದು. ಬಿಸಿಲಿಗೆ ಕಾದ ಆ ಕಾಂಕ್ರೀಟಿನ ಮೇಲೆ ನಮ್ಮೂರಿನ ಫಿಯಟ್ ಕಾರುಗಳೇ ಹುಚ್ಚು ಹಿಡಿದಂತೆ ಓಡುತ್ತಿದ್ದವು. ಅಂದು ಕಿವಿಗೆ ಬಿದ್ದ ಸದ್ದು ಇನ್ನೂ ಹೋಗಿಲ್ಲ. ಅಲ್ಲಿಂದ ಬಂದವನು ಕೆಲಸಕ್ಕೆ ಸೇರಿದೆ, ಸ್ಕೂಟರು ಕೊಂಡೆ, ಆಮೇಲೆ ಯಾರೋ ಓಡಿಸಿ ಬಿಟ್ಟ ಮಾರುತಿ 800 ಕೊಂಡೆ. ಅದನ್ನು ಹದಿನೇಳು ವರ್ಷ, ಗಂಟೆಗೆ ಅರವತ್ತು ಕಿಲೋಮೀಟರು ಮೀರದಂತೆ ಓಡಿಸಿದೆ. ಮೀರಿದ್ದರೆ ನನ್ನಾಕೆ ಇಳಿದು ನಡೆದು ಬಿಡುತ್ತಿದ್ದಳು.

ಹೀಗಾಗಿ ಮಗಳ ಹುಡುಕಾಟಕ್ಕೆ ನಾನು ಟೊಂಕ ಕಟ್ಟಿ ನಿಂತೆ. ಅವಳು ಹುಡುಗಾಟದವಳು, ಬಣ್ಣಕ್ಕೆ ಮರುಳಾಗುತ್ತಾಳೆ, ಬುದ್ಧಿ ಹೇಳುವ ಹಿರಿಯನೊಬ್ಬ ಜೊತೆಗಿರಬೇಕು ಎಂಬುದು ನಾನು ನನಗೇ ಕೊಟ್ಟುಕೊಂಡ ಸಮಾಧಾನ.

ಮೊದಲು ಹೋದದ್ದು ಜೆ. ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಮೇಸ್ತ್ರಿಯ ಬಳಿಗೆ. ನನ್ನ 800ನ್ನು ಹದಿನೇಳು ವರ್ಷ ಬದುಕಿಸಿದ ಪುಣ್ಯಾತ್ಮ ಅವರು. ಲೆಕ್ಕ ಕೇಳಿ, “ಐದು ಲಕ್ಷ ಇದ್ದರೆ ಕಾರಿಗೆ ನಾಲ್ಕೂವರೆ ಮೀರಬೇಡಿ ಸಾರ್. ಹಳೇ ಗಾಡಿ ಮನೆಗೆ ಬಂದ ಮೇಲೆ ಟೈರು ಕೇಳ್ತದೆ, ಬ್ಯಾಟರಿ ಕೇಳ್ತದೆ, ಇನ್ಶೂರೆನ್ಸು ಕೇಳ್ತದೆ. ಕೇಳಿದಾಗ ಕೊಡೋಕೆ ಇರಬೇಕು” ಎಂದರು.

ಆಮೇಲೆ ಜಾತಕಗಳು ಬಿಚ್ಚಿಕೊಂಡವು. ಮಗಳ ಮನಸ್ಸು ಮೊದಲು ಹರಿದದ್ದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಕಡೆಗೆ. 2013ರಲ್ಲಿ ಬಂದ ಕಾರು, 1.2 ಲೀಟರಿನ ಪುಟ್ಟ ಎಂಜಿನ್ನಿಗೆ ಟರ್ಬೋ ಕೂಡಿಸಿ 105 ಅಶ್ವಶಕ್ತಿ ಹೊರಡಿಸಿದ್ದಾರೆ, ಎರಡು ಕ್ಲಚ್ಚಿನ ಏಳು ಗೇರಿನ ಪೆಟ್ಟಿಗೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಗೇರು ಬದಲಿಸುತ್ತದೆ. ಒಂದನ್ನು ಓಡಿಸಿ ಇಳಿದವಳ ಮುಖ ನೋಡಬೇಕಿತ್ತು! ಮೇಸ್ತ್ರಿ ಮಾತ್ರ ಮುಖ ಅರಳಿಸಲಿಲ್ಲ. “ಗಾಡಿ ರಾಜ, ಒಪ್ತೀನಿ. ಆ ಗೇರ್ ಪೆಟ್ಟಿಗೆ ಹುಷಾರು ತಪ್ಪಿದರೆ ಲಕ್ಷದ ಮಾತು. ಮೇಡಂ ಹತ್ತಿರ ಆ ಲಕ್ಷ ಇದೆಯಾ?” ಇರಲಿಲ್ಲ. ಫೋರ್ಡ್ ಫಿಗೋದ 1.5 ಲೀಟರ್ ಡೀಸೆಲ್ ಕೂಡ ನೂರು ಅಶ್ವಶಕ್ತಿಯ ಮಲ್ಲ. ಆದರೆ ಆ ಕಂಪನಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಸಾರಿತು. ಬಿಡಿಭಾಗ ಸಿಗುವುದಿಲ್ಲವೆಂದಲ್ಲ, ಬಿಡಿಭಾಗಕ್ಕಾಗಿ ಕಾಯುವ ವಾರಗಳಲ್ಲಿ ಮಗಳು ಮತ್ತೆ ಎರಡು ಬಸ್ಸು, ಒಂದು ಆಟೋ. ದೆಹಲಿಯಿಂದ ಬಂದ ಡೀಸೆಲ್ ಗಾಡಿಗಳು ಅಗ್ಗವಾಗಿ ಕಂಡವು. ಅಲ್ಲಿ ಆಗ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿಗೆ ತಡೆಯಿದ್ದುದರಿಂದ ವಯಸ್ಸಾದವು ದಕ್ಷಿಣಕ್ಕೆ ವಲಸೆ ಬರುತ್ತಿದ್ದವು. ಆದರೆ ಇಲ್ಲಿ ಹೊಸದಾಗಿ ನಮ್ಮ ರಾಜ್ಯದ ಆಜೀವ ತೆರಿಗೆ ಕಟ್ಟಿದಾಗ ಅಗ್ಗದ ಬಣ್ಣ ಬಯಲಾಗುತ್ತದೆ.

ಉಳಿದದ್ದು ಊರೆಲ್ಲ ಕಾಣುವ ಮಾರುತಿ ಸ್ವಿಫ್ಟ್. ಅದರಲ್ಲೂ 2018ರಲ್ಲಿ ಬಂದ ಮೂರನೆಯ ಪೀಳಿಗೆಯದು. “ಅದು ಟ್ಯಾಕ್ಸಿಯವರ ಕಾರಲ್ಲವೇ?” ಎಂದು ನಾನು ಮೂಗು ಮುರಿದೆ. ಎಂಜಿನ್ನಿನ ಶಕ್ತಿ ಬರೇ 83. ಆದರೆ ಗಾಡಿಯ ತೂಕ ಒಂಬೈನೂರು ಕಿಲೋಗೂ ಕಡಿಮೆ. ಪೋಲೋ ಜಿಟಿ ಸಾವಿರದ ನೂರರ ಆಸುಪಾಸು. ಹೊರುವ ಮೂಟೆ ಹಗುರವಾದರೆ ಬಡಕಲು ಆಳೂ ಚುರುಕಾಗಿ ನಡೆಯುತ್ತಾನೆ. ಎಂಜಿನ್ನಿನ ಒಳಗೆ ಕಾಲಕಾಲಕ್ಕೆ ಬದಲಿಸಬೇಕಾದ ಬೆಲ್ಟಿಲ್ಲ, ಚೈನಿದೆ. ಯಾವ ಊರಿನ ಮರದ ಕೆಳಗೆ ನಿಂತರೂ ರಿಪೇರಿ ಮಾಡುವವನಿದ್ದಾನೆ. ಒಂದು ಮಾತು ಮಾತ್ರ ಈಗಲೂ ನನ್ನ ಗಂಟಲಲ್ಲಿ ಮುಳ್ಳಾಗಿದೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿದಾಗ, 2018ರಲ್ಲಿ, ಈ ಸ್ವಿಫ್ಟ್‌ಗೆ ಸಿಕ್ಕಿದ್ದು ಐದಕ್ಕೆ ಎರಡು ನಕ್ಷತ್ರ. ಗಾಳಿಚೀಲವಿದ್ದ ಪೋಲೋಗೆ 2014ರಲ್ಲಿ ನಾಲ್ಕು ಸಿಕ್ಕಿತ್ತು. ಇದನ್ನು ಮಗಳ ಮುಂದಿಟ್ಟೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಇದರಲ್ಲೂ ಎರಡು ಗಾಳಿಚೀಲ, ಎ.ಬಿ.ಎಸ್. ಬ್ರೇಕು ಇವೆ ಅಪ್ಪ. ನಿಧಾನವಾಗಿ ಓಡಿಸೋಕೆ ನನಗೂ ಬರುತ್ತೆ” ಎಂದಳು. ಹಣವಿದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಐದು ಲಕ್ಷದವರಿಗೆ ಎಲ್ಲ ವರವೂ ಒಂದೇ ಗಾಡಿಯಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ವಿಚಾರ ಮಾಡಿದವನು ನಾನು. ಅಂಥವನೇ ಮುಂದಿನ ಭಾನುವಾರ ಕೆಂಪು ಕಾರಿಗೆ ಸೋತೆ.

ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದ ಒಂದು ಅಂಗಡಿ. ಹೆಸರು ಬೇಡ, ಕಾರಿನ ಹೆಸರೂ ಬೇಡ. ಸ್ವಿಫ್ಟ್ ಅಲ್ಲ, ಅದಕ್ಕಿಂತ ಮೇಲಿನದು. ಬೆಲೆ ಮಾತ್ರ ನಮ್ಮ ಅಳತೆಗೆ ಹೊಲಿಸಿದಂತಿತ್ತು. ದಾಸವಾಳದ ಕೆಂಪು. ಕೀಲಿ ತಿರುಗಿಸಿದ ಕ್ಷಣ ಹಿಂದಿನ ಕೊಳವೆಯಿಂದ ಹೊರಟ ಸದ್ದು ನನ್ನನ್ನು ನೇರವಾಗಿ ಷೋಲಾವರಮ್ಮಿಗೆ ಕೊಂಡೊಯ್ಯಿತು. “ಸಿಂಗಲ್ ಓನರ್ ಸಾರ್, ಡಾಕ್ಟರು ಓಡಿಸಿದ ಗಾಡಿ” ಎಂದ ಮಾರುವವನು. ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಪ್ರತಿಯೊಂದು ಕಾರನ್ನೂ ಒಬ್ಬ ಡಾಕ್ಟರೇ ಓಡಿಸಿರುತ್ತಾರೆ. ನಮ್ಮ ವೈದ್ಯರು ರೋಗಿಗಳನ್ನು ಯಾವಾಗ ನೋಡುತ್ತಾರೋ ತಿಳಿಯದು. “ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ, ಟೋಕನ್ ಹಾಕಿಬಿಡಿ.” ನನ್ನ ಕೈ ಜೇಬಿನಲ್ಲಿತ್ತು. ಅದರಲ್ಲಿ ಹತ್ತು ಸಾವಿರವಿತ್ತು. ಮಗಳದಲ್ಲ, ನನ್ನದು, ಅವಳಿಗೆ ಹೇಳದೆ ತಂದಿದ್ದೆ.

ಮಗಳು ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಸೀಟ್ ಬೆಲ್ಟನ್ನು ಎಳೆಯುತ್ತಿದ್ದಳು. ಎಳೆದಳು, ಎಳೆದಳು, ಸುರುಳಿಯ ಕೊನೆಯವರೆಗೂ ಎಳೆದಳು. ಕೊನೆಯ ಒಂದೂವರೆ ಅಡಿ ಪಟ್ಟಿ ಕಂದು ಬಣ್ಣಕ್ಕೆ ತಿರುಗಿ, ಒಣಗಿದ ಕೆಸರಿನ ಗೆರೆಯೊಂದು ಅಡ್ಡಲಾಗಿ ನಿಂತಿತ್ತು. ಇಳಿದು ಡಿಕ್ಕಿ ತೆರೆಸಿ, ಸ್ಟೆಪ್ನಿ ಎತ್ತಿಸಿ ಕೈಯಾಡಿಸಿದಳು. ಬೆರಳಿಗೆ ಮೆತ್ತಿದ ಸಣ್ಣ ಮಣ್ಣನ್ನು ನನ್ನ ಮುಂದೆ ಹಿಡಿದಳು.

2022ರ ಸೆಪ್ಟೆಂಬರಿನ ಮಳೆ ಓದುಗರಿಗೆ ನೆನಪಿರಬಹುದು. ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರಿನಲ್ಲಿ ಕುಳಿತು ಕಚೇರಿಗೆ ಹೋದ ಮಳೆ. ಆಗ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋದವೆಂದು ನಾನು ತಿಳಿದಿದ್ದೆ. ನೀರು ಕುಡಿದ ಕಾರು ಒಣಗಿಸಿದ ದಿನ ಚೆನ್ನಾಗಿಯೇ ಓಡುತ್ತದೆ. ತಂತಿಗಳ ಕೀಲಿನಲ್ಲಿ ಹಸಿರು ಕಿಲುಬು ಮೆಲ್ಲಗೆ ಹತ್ತುತ್ತದೆ. ಗಾಳಿಚೀಲವನ್ನು ಬಿಚ್ಚಿಸುವ ಯಂತ್ರವೂ ಕೆಳಗೆ, ಗೇರಿನ ಬಳಿಯೇ ಇರುತ್ತದೆ. ಒಂದು ರಾತ್ರಿ, ಒಂಬತ್ತೂವರೆ ಗಂಟೆಗೆ, ಮೇಲುಸೇತುವೆಯ ಮೇಲೆ ಅದು ನಿಂತುಬಿಟ್ಟಿದ್ದರೆ?

“ಬೆಲ್ಟು ಎಳೀಬೇಕು ಅಂತ ನಿನಗೆ ಯಾರು ಹೇಳಿದರು?” ಎಂದು ಹೊರಗೆ ಬಂದ ಮೇಲೆ ಕೇಳಿದೆ.

“ಮೇಸ್ತ್ರಿ ನಮ್ಮಿಬ್ಬರಿಗೂ ಹೇಳಿದರು. ನೀನು ಆಗ ಯಾವುದೋ ಬೈಕಿನ ಸದ್ದು ಕೇಳ್ತಾ ನಿಂತಿದ್ದೆ.”

ಅಂದಿನಿಂದ ನಾನು ಹುಡುಕಾಟದ ಮುಖಂಡತ್ವ ಬಿಟ್ಟುಕೊಟ್ಟು ಹಿಂಬಾಲಕನಾದೆ.

ಆಮೇಲೆ ಸಿಕ್ಕಿದ್ದು ಮೈಸೂರಿನ ಸರಸ್ವತೀಪುರದ ಕಾರು. 2018ರ ಸ್ವಿಫ್ಟ್, 52 ಸಾವಿರ ಕಿಲೋಮೀಟರು, ಒಬ್ಬರೇ ಮಾಲೀಕರು, ವಯಸ್ಸು ಎಪ್ಪತ್ತಾರು. ಮೇಸ್ತ್ರಿಯನ್ನೂ ಕರೆದುಕೊಂಡು ಬೆಳಗಿನ ರೈಲಿನಲ್ಲಿ ಹೋದೆವು. ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದೆವು. ಬಿಸಿಯಾದ ಎಂಜಿನ್ನು ತನ್ನ ಗುಟ್ಟು ಬಿಡುವುದಿಲ್ಲ. ರಾತ್ರಿಯೆಲ್ಲ ತಣ್ಣಗಿದ್ದು ಮೊದಲ ಸಲ ಎದ್ದಾಗ ಕೆಮ್ಮುತ್ತದೆಯೋ, ನೀಲಿ ಹೊಗೆ ಬಿಡುತ್ತದೆಯೋ ನೋಡಬೇಕು. ನೀಲಿ ಬಂದರೆ ಅದು ಎಣ್ಣೆ ಕುಡಿಯುತ್ತಿದೆ ಎಂದು ಅರ್ಥ. ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಲೆದೂಗಿದರು. ಒಂದೇ ಸಲಕ್ಕೆ ಎದ್ದಿತು, ಹೊಗೆಯಿಲ್ಲ.

ಯಜಮಾನರು ಕಾಫಿಯ ಜೊತೆಗೆ ಒಂದು ಫೈಲು, ಒಂದು ಉದ್ದನೆಯ ನೋಟ್‌ಪುಸ್ತಕ ತಂದಿಟ್ಟರು. ಫೈಲಿನಲ್ಲಿ ಸರ್ವೀಸಿನ ರಸೀದಿಗಳು, ಒಂದೂ ತಪ್ಪಿಲ್ಲ. ನೋಟ್‌ಪುಸ್ತಕದಲ್ಲಿ ಆರು ವರ್ಷ ಹಾಕಿಸಿದ ಪೆಟ್ರೋಲಿನ ಒಂದೊಂದು ಲೀಟರಿನ ಲೆಕ್ಕ: ತಾರೀಖು, ಮೀಟರು, ಲೀಟರು, ದುಡ್ಡು. ಮೀಟರನ್ನು ಹಿಂದಕ್ಕೆ ತಿರುಗಿಸುವವರುಂಟು. ಆರು ವರ್ಷದ ದುಂಡಕ್ಷರವನ್ನು ಹಿಂದಕ್ಕೆ ತಿರುಗಿಸುವವರಿಲ್ಲ. ಹೊರಗಿನಿಂದ ಮೇಸ್ತ್ರಿ ಕೂಗಿ ಕರೆದರು.

“ಸಾರ್, ಹಿಂದಿನ ಟೈರು ನೋಡಿ, 2918 ಅಂತಿದೆ. 2018ರ ಇಪ್ಪತ್ತೊಂಬತ್ತನೇ ವಾರದ್ದು, ಗಾಡಿ ಜೊತೆಗೇ ಬಂದದ್ದು. ಮುಂದಿನವು 2021ರವು. ಆದರೆ ಅವುಗಳ ಹೊರ ಅಂಚು ನೋಡಿ.” ತಗ್ಗಿ ನೋಡಿದೆ. ನಡುವಿನ ಹಲ್ಲು ಗಟ್ಟಿಯಾಗಿತ್ತು, ಅಂಚು ಸವೆದು ನುಣ್ಣಗಾಗಿತ್ತು. “ಬ್ರೇಕ್ ಡಿಸ್ಕ್ ಕೂಡ ತಿಂದಿದೆ. ಅಜ್ಜ ಇದನ್ನ ದೇವಸ್ಥಾನಕ್ಕೆ ಓಡಿಸಿಲ್ಲ ಸಾರ್. ತಿರುವಿನಲ್ಲಿ ಓಡಿಸಿದ್ದಾರೆ!”

ಬಾಗಿಲಲ್ಲಿ ನಿಂತಿದ್ದ ಯಜಮಾನರು ನಾಚಿದರು. ಎಪ್ಪತ್ತಾರರ ಮುಖ ಹಾಗೆ ಕೆಂಪಾದುದನ್ನು ನಾನು ನೋಡಿರಲಿಲ್ಲ. ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು: ಊಟಿ, ಊಟಿ, ಮತ್ತೆ ಊಟಿ. ಮಸಿನಗುಡಿಯ ಮೇಲೆ ಕಲ್ಹಟ್ಟಿ ಘಾಟಿಯಲ್ಲಿ ಮೂವತ್ತಾರು ಕಡಿದಾದ ತಿರುವುಗಳು. ವರ್ಷಕ್ಕೆ ನಾಲ್ಕೈದು ಸಲ, ಬೆಳಗಿನ ಜಾವ, ಒಬ್ಬರೇ. “ಎರಡನೇ ಗೇರಿನಲ್ಲಿ ಇದು ಕರು ನೆಗೆದ ಹಾಗೆ ನೆಗೆಯುತ್ತೆ. ಮನೆಯವರಿಗೆ ಗೊತ್ತಿಲ್ಲ” ಎಂದರು ದನಿ ತಗ್ಗಿಸಿ. ಒಳಗಿನಿಂದ, “ಗೊತ್ತು” ಎಂದು ಅವರ ಮನೆಯವರ ಧ್ವನಿ ಬಂತು.

“ಹಾಗಾದರೆ ಮಾರುವುದೇಕೆ?”

ಕಣ್ಣಿನ ಒತ್ತಡದ ಕಾಯಿಲೆ. ಎದುರಿಗಿರುವುದು ಕಾಣುತ್ತದೆ, ಪಕ್ಕದಿಂದ ನುಗ್ಗಿ ಬರುವುದು ಕಾಣುವುದಿಲ್ಲ. ಡಾಕ್ಟರು ಬೇಡವೆಂದಿರಲಿಲ್ಲವಂತೆ, ಒಂದು ಸಂಜೆ ಅಗ್ರಹಾರದ ಸರ್ಕಲ್ಲಿನಲ್ಲಿ ಸೈಕಲ್ಲಿನ ಹುಡುಗನೊಬ್ಬ ಇವರಿಗೆ ಕಾಣದೆ ಕೂದಲೆಳೆಯಲ್ಲಿ ಉಳಿದ. ಮನೆಗೆ ಬಂದು ಕೀಲಿಯನ್ನು ಮೊಳೆಗೆ ನೇತುಹಾಕಿದವರು ಮತ್ತೆ ಮುಟ್ಟಿಲ್ಲ.

ಅವರು ಹೇಳಿದ್ದು ನಾಲ್ಕು ಲಕ್ಷ ಅರವತ್ತು ಸಾವಿರ. ಟೈರು, ಡಿಸ್ಕ್ ತೋರಿಸಿದ ಮೇಲೆ ತಾವೇ ಇಪ್ಪತ್ತು ಸಾವಿರ ಇಳಿಸಿದರು. ಆದರೆ ಕಾಗದಪತ್ರದಲ್ಲಿ ಮಾತ್ರ ಕಟ್ಟುನಿಟ್ಟು: ಹಳೆಯ ಸಾಲ ತೀರಿ ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆದಿರುವುದನ್ನು ತೋರಿಸಿದರು. ಫಾರಂ 29, 30 ಎರಡೂ ಸಹಿಯಾಗಿ, ಹೆಸರು ಬದಲಾವಣೆಯ ಅರ್ಜಿ ಕಚೇರಿಯಲ್ಲಿ ದಾಖಲಾಗುವವರೆಗೆ ಕೀಲಿ ಕೊಡುವುದಿಲ್ಲ ಎಂದರು. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆಯಂತೆ. ಅವರ ಮಾತು ಸರಿ. ಇಷ್ಟು ಅನುಮಾನಪಡುವ ಮನುಷ್ಯರ ಮೇಲೆ ನನಗೆ ಸಂಪೂರ್ಣ ನಂಬಿಕೆ ಬಂತು.

ಕಾರು ತರಲು ಮತ್ತೊಂದು ಶನಿವಾರ ನಾನೂ ಮಗಳೂ ಹೋದೆವು. ಕೀಲಿ ಕೊಡುವ ಮೊದಲು ಯಜಮಾನರು, “ಮಗೂ, ನಿನಗೆ ತೊಂದರೆ ಇಲ್ಲದಿದ್ದರೆ ಒಂದು ಸಲ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಬರ್ತೀಯಾ?” ಎಂದರು. ನಾನು ಹಿಂದೆ ಕುಳಿತೆ. ಚಾಮುಂಡಿ ಬೆಟ್ಟದ ರಸ್ತೆ ಏರಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಪ್ರತಿ ತಿರುವಿಗೆ ಸ್ವಲ್ಪ ಮೊದಲು ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. “ಈಗ ಎರಡು” ಎನ್ನುತ್ತಿದ್ದರು, ಮೆಲ್ಲಗೆ. ಮಗಳು ಎರಡಕ್ಕೆ ಹಾಕುತ್ತಿದ್ದಳು. ಇಳಿಯುವಾಗ ಅವರು ಏನೂ ಹೇಳಲಿಲ್ಲ.

ಮನೆಯ ಮುಂದೆ ನಿಂತು ನೋಟ್‌ಪುಸ್ತಕದಲ್ಲಿ ಅಂದಿನ ತಾರೀಖು, ಮೀಟರು ಬರೆದು, ಪುಸ್ತಕವನ್ನೂ ಅವಳ ಕೈಗಿತ್ತರು. ಇನ್ನೂ ಅರ್ಧದಷ್ಟು ಹಾಳೆ ಖಾಲಿಯಿತ್ತು.

ಬರುವಾಗ ಮದ್ದೂರಿನ ಹತ್ತಿರ ಹೊಸ ಹೆದ್ದಾರಿ ಬಿಟ್ಟು ಹಳೆಯ ರಸ್ತೆಗೆ ಇಳಿದು ವಡೆ ತಿಂದೆವು; ಪೆಟ್ರೋಲ್ ಹಾಕಿಸಿದೆವು. ಮಗಳು ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು ಪುಸ್ತಕವನ್ನು ಬಾನೆಟ್ಟಿನ ಮೇಲಿಟ್ಟು ಬರೆಯತೊಡಗಿದಳು. ಅಷ್ಟರಲ್ಲಿ ನನ್ನಾಕೆಯ ಫೋನು.

“ಗಾಡಿ ಹೇಗಿದೆ?”

ಎಂಜಿನ್ನು, ಚೈನು, ಟೈರಿನ ವಾರ, ಯಜಮಾನರ ಕಣ್ಣು, ಎಲ್ಲ ಹೇಳಿದೆ.

“ಅದಿರಲಿ, ಬಣ್ಣ ಯಾವುದು?”

ತಿರುಗಿ ನೋಡಿ ಹೇಳಬೇಕಾಯಿತು. ಬೂದು.