ತೆಳುಬಟ್ಟೆಯಾಚೆ ಉಕ್ಕಿನ ಹೊಳಪು

1811ರ ಸೆಪ್ಟೆಂಬರ್ 30, ಪ್ಯಾರಿಸ್. ಮಧ್ಯಾಹ್ನ ಮೂರಾಗುತ್ತಾ ಬಂದಿದೆ. ನಿಮ್ಮದೇ ಮನೆಯ ಕೋಣೆಯಲ್ಲಿ ನೀವು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದೀರಿ. ಒಂದು ಕಡೆ ಬ್ಯಾಂಡೇಜು, ಸ್ಪಂಜು, ಅರಳೆಯ ರಾಶಿ. ಅಷ್ಟೊಂದು ಯಾಕೆ ಬೇಕಾಗುತ್ತದೆ ಎಂದು ಹೊಳೆದದ್ದೇ ತಡ, ಹೊಟ್ಟೆ ತೊಳಸುತ್ತದೆ. ಮತ್ತೆ ನಡೆಯುತ್ತೀರಿ, ಮನಸ್ಸು ಮರಗಟ್ಟುವವರೆಗೂ.

ನೀವು ಫ್ಯಾನಿ ಬರ್ನಿ. ‘ಎವೆಲಿನಾ’ ಬರೆದು ಲಂಡನ್ನಿನಲ್ಲಿ ಮನೆಮಾತಾದವರು. ಫ್ರೆಂಚ್ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಗೆ ಬಂದಿರಿ, ಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಸಿಕ್ಕಿಬಿದ್ದಿರಿ. ಈಗ ವಯಸ್ಸು 59. ಬಲ ಎದೆಯ ನೋವಿಗೆ ವರ್ಷ ಕಳೆದಿದೆ. ವೈದ್ಯರು ಕ್ಯಾನ್ಸರ್ ಎಂದಿದ್ದಾರೆ. ಕೊಯ್ಯುವವನು ನೆಪೋಲಿಯನ್ನನ ಸೇನೆಯ ಹೆಸರಾಂತ ಶಸ್ತ್ರವೈದ್ಯ ಲಾರೇ. ಅರಿವಳಿಕೆಯ ಕಾಲ ಇನ್ನೂ ಮೂರು ದಶಕ ದೂರವಿದೆ.

ಇವತ್ತೇ ಎಂಬ ಚೀಟಿ ಬೆಳಿಗ್ಗೆ ಹಾಸಿಗೆಯಲ್ಲಿರುವಾಗಲೇ ಕೈಸೇರಿತು. ನಿಮ್ಮ ಮೊದಲ ಯೋಚನೆ ಗಂಡನದು. ಅವರು ನೋಡಬಾರದು, ಕೇಳಬಾರದು. ಏನೋ ತುರ್ತು ಕೆಲಸದ ನೆಪ ಹೂಡಿ ಅವರನ್ನು ಹೊರಗೆ ಕಳಿಸುತ್ತೀರಿ. ಒಂದು ವೇಳೆ ಉಳಿಯದಿದ್ದರೆ ಎಂದು ಅವರಿಗೂ ಮಗನಿಗೂ ನಾಲ್ಕು ಸಾಲು ಬರೆದಿಡುತ್ತೀರಿ. ಇದನ್ನು ಬರೆಯುತ್ತಿರುವ ನನ್ನನ್ನು ಚಾಕುವಿಗಿಂತ ಹೆಚ್ಚು ಕಲಕುವುದು ಈ ಬೆಳಗು. ನಿಮ್ಮ ಜೀವಕ್ಕೇ ಸಂಚಕಾರ ಬಂದಿರುವಾಗ ಮನೆಯವರ ಭಯವನ್ನೂ ನೀವೇ ಹೊರಬೇಕು.

ಬಾಗಿಲಲ್ಲಿ ಗಾಡಿಗಳ ಸದ್ದು. ಒಬ್ಬ ವೈದ್ಯ ಬಂದು ಔಷಧಿ ಬೆರೆತ ವೈನ್ ಕುಡಿಸುತ್ತಾನೆ. ಅದರ ಹಿಂದೆಯೇ, ಕೇಳದೆ, ಹೇಳದೆ, ಕಪ್ಪುಡುಗೆಯ ಏಳು ಗಂಡಸರು ಒಳನುಗ್ಗುತ್ತಾರೆ. ಮರಗಟ್ಟಿದ ಮೈಯಲ್ಲಿ ಸಿಟ್ಟು ಭುಗಿಲೇಳುತ್ತದೆ. ನನ್ನ ಮನೆಗೆ ನನ್ನ ಅಪ್ಪಣೆಯಿಲ್ಲದೆ ಏಳು ಜನವೇ? ನಡುಕೋಣೆಗೆ ಮಂಚ ಬರುತ್ತದೆ, ಅದರ ಮೇಲೆ ಎರಡು ಹಳೇ ಹಾಸಿಗೆ, ಒಂದು ಹಳೇ ದುಪ್ಪಟಿ. ಹಳೆಯದೇ ಯಾಕೆ ಎಂಬುದು ನಿಮಗೆ ಅರ್ಥವಾಗುತ್ತದೆ. ಕೆಲಸದ ಹೆಣ್ಣುಮಕ್ಕಳು ಓಡಿಹೋಗುತ್ತಾರೆ; ಒಬ್ಬ ದಾದಿ ಮಾತ್ರ ನಿಲ್ಲುತ್ತಾಳೆ.

ಯಾರೂ ಹಿಡಿದೆಳೆಯುವುದಿಲ್ಲ. ನೀವೇ ಮಂಚ ಹತ್ತುತ್ತೀರಿ.

ಮುಖದ ಮೇಲೆ ತೆಳು ಕರವಸ್ತ್ರ ಹೊದಿಸುತ್ತಾರೆ. ಅದರೊಳಗಿಂದ ಎಲ್ಲವೂ ಕಾಣುತ್ತದೆ: ಸುತ್ತ ನಿಂತವರು, ಸಾಣೆ ಹಿಡಿದ ಉಕ್ಕಿನ ಹೊಳಪು. ಕಣ್ಣು ಮುಚ್ಚುತ್ತೀರಿ. ಮೌನ. ಈ ಎದೆಯನ್ನು ಹಿಡಿದುಕೊಳ್ಳುವವರು ಯಾರು ಎಂದು ಲಾರೇ ಕೇಳುತ್ತಾನೆ. ಯಾರೂ ಉತ್ತರಿಸುವುದಿಲ್ಲ. ಕಣ್ಣು ತೆರೆದರೆ ಗಾಳಿಯಲ್ಲಿ ಒಂದು ಬೆರಳು ಮೇಲಿಂದ ಕೆಳಗೆ ಗೆರೆ ಎಳೆಯುತ್ತಿದೆ, ಅಡ್ಡಗೆರೆ ಎಳೆಯುತ್ತಿದೆ, ಆಮೇಲೆ ಒಂದು ಸುತ್ತು. ಪೂರ್ತಿ ತೆಗೆಯುತ್ತಾರೆ! ಬಟ್ಟೆ ಕಿತ್ತೆಸೆದು ಎದ್ದು ಕೂರುತ್ತೀರಿ. ನಾನೇ ಹಿಡಿಯುತ್ತೇನೆ ಎನ್ನುತ್ತೀರಿ, ಎದೆಯ ಕೆಳಗೆ ಕೈಯಿಟ್ಟು ನೋವಿರುವುದು ಈ ಒಂದೇ ಕಡೆ ಎಂದು ವಿವರಿಸುತ್ತೀರಿ. ಗಮನವಿಟ್ಟು ಕೇಳುತ್ತಾರೆ. ಮಾತಾಡುವುದಿಲ್ಲ. ಮತ್ತೆ ಮಲಗಿಸುತ್ತಾರೆ, ಮತ್ತೆ ಬಟ್ಟೆ, ಮತ್ತೆ ಅದೇ ಬೆರಳು, ಅದೇ ಸುತ್ತು.

ಉಕ್ಕು ಇಳಿಯುತ್ತದೆ. ಚೀರುತ್ತೀರಿ, ಕೊಯ್ತ ಮುಗಿಯುವವರೆಗೂ ಚೀರುತ್ತೀರಿ. ಚಾಕು ಹೊರಬಂದಾಗ ಗಾಯಕ್ಕೆ ತಾಗುವ ಗಾಳಿಯೂ ಇರಿಯುತ್ತದೆ. ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಶುರು. ಈಗ ಅಲಗು ಎದೆಮೂಳೆಯನ್ನು ಕೆರೆಯುತ್ತಿದೆ. ಎಚ್ಚರ ತಪ್ಪುತ್ತದೆ, ಮರಳುತ್ತದೆ. 20 ನಿಮಿಷ. ಕಣ್ಣು ಬಿಟ್ಟಾಗ ಕಂಡದ್ದು ಲಾರೇಯ ಮುಖ, ಹೆಚ್ಚುಕಡಿಮೆ ನಿಮ್ಮಷ್ಟೇ ಬಿಳಿಚಿದೆ, ರಕ್ತದ ಗೀರುಗಳಿವೆ.

ಆ ಗಂಟು ನಿಜಕ್ಕೂ ಕ್ಯಾನ್ಸರೇ ಆಗಿತ್ತೇ ಎಂದು ಇಂದು ಕೇಳುವವರಿದ್ದಾರೆ. ನೀವು ಮಾತ್ರ ಇನ್ನೂ 28 ವರ್ಷ ಬದುಕುತ್ತೀರಿ. ಆದರೆ ತಿಂಗಳುಗಟ್ಟಲೆ ಆ ದಿನದ ಸುದ್ದಿ ಎತ್ತಲಾರಿರಿ, ಯಾರಾದರೂ ಕೇಳಿದರೂ ಮೈ ಕೆಡುತ್ತದೆ. 1812ರ ಮಾರ್ಚ್‌ನಲ್ಲಿ ಅಕ್ಕ ಎಸ್ತರ್‌ಗೆ ಪತ್ರ ಶುರುಮಾಡಿದರೆ ಮುಗಿಯುವುದು ಜೂನ್‌ನಲ್ಲಿ. ಬರೆಯಲು ಕೂತರೆ ತಲೆನೋವು. ಬರೆದದ್ದನ್ನು ತಿದ್ದಲು ತಿರುಗಿ ಓದುವ ಧೈರ್ಯವಿಲ್ಲ. ಆದರೂ ಕಳಿಸುತ್ತೀರಿ, ಅಕ್ಕನ ಕಿವಿಗೆ ಬೇರೆಯವರ ಬಾಯಿಂದ ಏನೇನೋ ಬೀಳುವ ಮೊದಲು.